ಮೀನುಗಳಿಗೆ ಊಟ ಆಗಿದೆ

ಗಾಜಿನ ವ್ಯಾಪಾರಿಗೆ ಮೊದಲು ಬೇಕಾದದ್ದು ಅಹಂಕಾರ. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಸರಿಯಾದೀತೋ ಇಲ್ಲವೋ ಎಂದು ಅನುಮಾನಪಡುತ್ತಾ ಗಾಜಿನ ಮೇಲೆ ವಜ್ರದ ಮೊನೆ ಎಳೆದರೆ, ಗಾಜು ನಾವು ಹೇಳಿದ ಕಡೆ ತುಂಡಾಗುವುದಿಲ್ಲ, ತನಗೆ ಮನಸ್ಸು ಬಂದ ಕಡೆ ತುಂಡಾಗುತ್ತದೆ. ಕಾರ್ಕಳದಲ್ಲಿ ಏಳನೆಯ ಕ್ಲಾಸಿನ ಬೆಂಚು ಬಿಟ್ಟು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಸೇರಿದ ದಿನ ನಮ್ಮ ಮೇಷ್ಟ್ರು, "ಇವನ ಕಥೆ ಮುಗಿಯಿತು" ಅಂದಿದ್ದರಂತೆ. ಮುಂದೆ ಉಡುಪಿಯ ಅಂಬಲಪಾಡಿಯಲ್ಲಿ ನನ್ನದೇ ಗಾಜಿನ ಅಂಗಡಿ ಎದ್ದಿತು. ಅದೇ ಮೇಷ್ಟ್ರು ತಮ್ಮ ನಿವೃತ್ತಿಯ ಗುಂಪು ಫೋಟೋ ಹಿಡಿದುಕೊಂಡು ಕಟ್ಟು ಹಾಕಿಸಲು ನನ್ನ ಹತ್ತಿರವೇ ಬಂದರು. ನಾನು ಹಾಕಿದ ಗಾಜು ಎಷ್ಟು ಸ್ವಚ್ಛವಾಗಿತ್ತೆಂದರೆ, ಗಾಜು ಹಾಕಿದ್ದಾನೋ ಇಲ್ಲವೋ ಎಂದು ಮೇಷ್ಟ್ರು ಫೋಟೋದಲ್ಲಿದ್ದ ತಮ್ಮ ಮೂಗನ್ನೇ ಮುಟ್ಟಿ ನೋಡಿದರು. ಬೆರಳಿನ ಗುರುತನ್ನು ಮತ್ತೆ ನಾನೇ ಒರೆಸಿಕೊಟ್ಟೆ.

ಅಂಥ ನನ್ನನ್ನು ಒಂದು ಕಾಲದಲ್ಲಿ ಪಾಚಿ ಕುಣಿಸಿತು. ಮಳೆಗಾಲದಲ್ಲಿ ಅಂಗಳದಲ್ಲಿ ನೆಂಟರನ್ನು ಜಾರಿಸಿ ಬೀಳಿಸುತ್ತದಲ್ಲ, ಆ ಪಾಚಿಯಲ್ಲ. ಅದಕ್ಕೆ ಸುಣ್ಣದ ಪುಡಿ ಚೆಲ್ಲಿದರೆ ಸಾಕು. ನನ್ನನ್ನು ಕುಣಿಸಿದ್ದು ಉಪ್ಪು ನೀರಿನ ಪಾಚಿ, ಅದೂ ನಾನೇ ಕತ್ತರಿಸಿ, ನಾನೇ ಅಂಟಿಸಿದ ಗಾಜಿನ ಪೆಟ್ಟಿಗೆಯೊಳಗೆ.

ಇದಕ್ಕೆಲ್ಲ ಮೂಲ ನನ್ನ ಗೆಳೆಯ ವಿಕ್ಟರ್. ಬಹರೈನಿನಲ್ಲಿ ಕೆಲಸ, ವರ್ಷಕ್ಕೊಮ್ಮೆ ರಜೆ. ಎಂಬತ್ತರ ದಶಕದ ಆರಂಭದಲ್ಲಿ ಒಮ್ಮೆ ರಜೆಗೆ ಬಂದವನು ಗಾಜಿಗೆ ಗಾಜು ಅಂಟಿಸುವ ಸಿಲಿಕೋನಿನ ನಾಲ್ಕಾರು ಟ್ಯೂಬುಗಳನ್ನು ನನ್ನ ಮುಂದಿಟ್ಟು, "ಅಲ್ಲಿ ಒಂದು ಹೋಟೆಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸಮುದ್ರವನ್ನೇ ಇಟ್ಟಿದ್ದಾರೆ ಮಾರಾಯ. ಉಪ್ಪು ನೀರು, ಬಣ್ಣದ ಮೀನು, ಕಲ್ಲು, ಎಲ್ಲ ಉಂಟು. ನೋಡ್ಲಿಕ್ಕೆ ಎಂತ ಚಂದ! ಆದರೆ ಅದೆಲ್ಲ ನಿನ್ನಿಂದ ಆಗ್ಲಿಕ್ಕಿಲ್ಲ ಬಿಡು" ಎಂದ. ಟ್ಯೂಬು ತಂದುಕೊಟ್ಟ ಮೇಲೆ ಆಗ್ಲಿಕ್ಕಿಲ್ಲ ಎನ್ನುವುದು ಅವನ ಉಪಾಯ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸಿಕ್ಕಿಬಿದ್ದೆ.

ಪೆಟ್ಟಿಗೆ ತಯಾರಾಯಿತು. ಒಂದು ಹನಿ ಸೋರಲಿಲ್ಲ. ಕಾಪು ಕಡಲಿನ ಬಂಡೆಗಳ ಸಂದಿಯಿಂದ ಕಲ್ಲು, ಬಸವನಹುಳು, ಪಟ್ಟೆಪಟ್ಟೆ ಮೀನುಮರಿಗಳು ಬಂದವು. ಗಾಳಿ ಊದುವ ಯಂತ್ರ ಬೊಂಬಾಯಿಯಿಂದ ಬಂತು. ಅಂಗಡಿಯ ಬಾಗಿಲಲ್ಲೇ, ಬೆಳಗಿನ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ, ದಾರಿಹೋಕರಿಗೆಲ್ಲ ಕಾಣುವ ಹಾಗೆ ಅದನ್ನು ಇಟ್ಟೆ. ಮಣಿಪಾಲದಲ್ಲಿ ದೊಡ್ಡ ಸಸ್ಯಾಹಾರಿ ಹೋಟೆಲು ಕಟ್ಟಿಸುತ್ತಿದ್ದ ರಾಯರೊಬ್ಬರು ಕಿಟಕಿ ಗಾಜಿನ ಲೆಕ್ಕಾಚಾರಕ್ಕೆ ಬಂದವರು, ಇದನ್ನು ನೋಡಿ ಅಲ್ಲೇ ನಿಂತುಬಿಟ್ಟರು. "ಸಂಜೀವಣ್ಣ, ನನ್ನ ಹೋಟೆಲಿನ ಹಜಾರಕ್ಕೆ ಇದರ ನಾಲ್ಕು ಪಾಲು ದೊಡ್ಡದು ಬೇಕು. ಮಂಗಳೂರಿನವರು ಒಬ್ಬರು ಸಿಹಿನೀರಿನದ್ದು ಮಾಡಿಕೊಡ್ತೇನೆ ಅಂತಿದ್ದಾರೆ. ದೀಪಾವಳಿಗೆ ಬಂದು ನೋಡ್ತೇನೆ. ಆಗಲೂ ಹೀಗೇ ಇದ್ದರೆ ಕೆಲಸ ನಿಮ್ಮದು" ಎಂದರು. ನಾನು, "ಆಗ ಇದಕ್ಕಿಂತ ಚೆನ್ನಾಗಿರ್ತದೆ ರಾಯರೇ" ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ರಾಯರ ಕಾರು ತಿರುವು ದಾಟಿತೋ ಇಲ್ಲವೋ, ಪಾಚಿ ಶುರುವಾಯಿತು. ಮೊದಲು ಬಂದದ್ದು ಕಂದು ಬಣ್ಣದ್ದು. ಗಾಜಿನ ಮೇಲೆ, ಮರಳಿನ ಮೇಲೆ, ಯಾರೋ ಚಾ ಪುಡಿಯನ್ನು ನುಣ್ಣಗೆ ಅರೆದು ಉದುರಿಸಿದ ಹಾಗೆ. ಬೆರಳಿಂದ ಒರೆಸಿದರೆ ಹೋಗುತ್ತಿತ್ತು, ಮರುದಿನ ಮತ್ತೆ ಹಾಜರು. ಕೆಲವು ವಾರ ಕಳೆದು ತಾನಾಗಿಯೇ ಹೋಯಿತು. ಇದಕ್ಕೆ ನಾನು 'ನೆಂಟ' ಎಂದು ಹೆಸರಿಟ್ಟೆ. ಹೊಸ ಮನೆ ಕಟ್ಟಿದರೆ ನೋಡಲು ಬರುತ್ತಾರಲ್ಲ, ಹಾಗೆ. ಅವರನ್ನು ಓಡಿಸಬೇಕಾಗಿಲ್ಲ, ನೋಡಿ ಮುಗಿದ ಮೇಲೆ ಹೋಗುತ್ತಾರೆ. ಆಮೇಲೆ ಬಂದದ್ದು ಹಸಿರು ಕೂದಲಿನಂಥದ್ದು. ಕಲ್ಲಿಗೆ ಬೇರೂರಿದ ಹಾಗೆ ಹಿಡಿದುಕೊಂಡು, ನೀರಿನಲ್ಲಿ ಗಡ್ಡ ಅಲ್ಲಾಡಿಸುತ್ತಾ ಕೂತುಬಿಟ್ಟಿತು. ಇದು 'ಬಾಡಿಗೆದಾರ'. ಹೋಗು ಎಂದರೆ ಹೋಗುವುದಿಲ್ಲ, ಕೈಹಿಡಿದು ಎಳೆದೇ ಹಾಕಬೇಕು. ಎಳೆದರೂ ಒಂದೆರಡು ಸಾಮಾನು ಬಿಟ್ಟು ಹೋಗಿ, ಅದೇ ನೆಪದಲ್ಲಿ ಮತ್ತೆ ಬರುತ್ತದೆ. ಕೊನೆಗೆ ಬಂದದ್ದು ಕೆಂಪು ಮಿಶ್ರಿತ ನೇರಳೆ ಬಣ್ಣದ ಲೋಳೆ. ಹಾಸಿದ ಬಟ್ಟೆಯಂತೆ ಮರಳಿನ ಮೇಲೆ ಹರಡಿ, ಮೇಲೆ ಗುಳ್ಳೆ ಎಬ್ಬಿಸಿಕೊಂಡು, ಕೆಟ್ಟ ವಾಸನೆ ಬೀರುತ್ತಿತ್ತು. ಇದಕ್ಕೆ 'ಪಾಲುದಾರ' ಎಂದು ಹೆಸರಿಟ್ಟೆ. ವ್ಯಾಪಾರದಲ್ಲಿ ಪಾಲುದಾರನನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಗಾಜಿನ ಅಂಗಡಿಯವನ ಗಾಜೇ ಮಂಕಾದರೆ ಊರು ಸುಮ್ಮನಿರುತ್ತದೆಯೇ? ಇನ್ನಂಜೆಯಿಂದ ಕನ್ನಡಿ ಕೊಳ್ಳಲು ಬಂದ ಗಿರಾಕಿಯೊಬ್ಬರು ಪೆಟ್ಟಿಗೆಯನ್ನು ದಿಟ್ಟಿಸಿ, "ಇದರೊಳಗೆ ಬಸಳೆ ಹಾಕಿದ್ದೀರಾ?" ಎಂದು ಕೇಳಿದರು. ಹೆಂಡತಿ ಜಲಜ, "ಕನ್ನಡಿ ಮಾರುವವರೇ, ನಿಮ್ಮ ಮೀನು ಕಾಣದೆ ಎಷ್ಟು ದಿನ ಆಯ್ತು?" ಎಂದಳು. ಅವಳದ್ದು ತುಳು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು ನೋಯುತ್ತದೆ.

ನಾನು ಸುಮ್ಮನೆ ಕೂರುವವನಲ್ಲ. ಬ್ಲೇಡಿನಿಂದ ಗಾಜು ಕೆರೆದೆ. ಕಡ್ಡಿಗೆ ಸುತ್ತಿ ಸುತ್ತಿ ಬಾಡಿಗೆದಾರನ ಗಡ್ಡ ಕಿತ್ತೆ. ಸೀಮೆಎಣ್ಣೆ ಎಳೆಯುವಂಥ ಹೊಸ ರಬ್ಬರು ಕೊಳವೆಯಿಂದ ಪಾಲುದಾರನನ್ನು ಹೀರಿ ಹೊರಗೆ ಹಾಕಿದೆ. ಒಂದೆರಡು ಸಲ ಅವಸರದಲ್ಲಿ ಅವನು ನನ್ನ ಬಾಯಿಯವರೆಗೂ ಬಂದ. ಬಿಸಿಲು ತಪ್ಪಿಸಲು ಪೆಟ್ಟಿಗೆಯನ್ನು ಒಳಗೆ ಸರಿಸಿದೆ. ಹತ್ತಿರವಾಗುತ್ತದೆಂದು ಮಲ್ಪೆ ಬಂದರಿನಿಂದ ನೀರು ತರುತ್ತಿದ್ದದ್ದನ್ನು ಬಿಟ್ಟು, ದೋಣಿಯ ಎಣ್ಣೆ, ಮೀನು ತೊಳೆದ ನೀರು ಯಾವುದೂ ಸೇರದ ಕಾಪುವಿನ ಬಂಡೆಯಾಚೆಯ ನೀರನ್ನು ಕ್ಯಾನಿನಲ್ಲಿ ಹೊತ್ತು ತಂದೆ. ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಗುಣವಾಯಿತು. ಆದರೆ ವಾರ ಕಳೆಯುವುದರೊಳಗೆ ಬಾಡಿಗೆದಾರನೂ ಪಾಲುದಾರನೂ ಕೈ ಕೈ ಹಿಡಿದುಕೊಂಡು ಮರಳಿ ಬರುತ್ತಿದ್ದರು. ಒಮ್ಮೆ ಸಿಟ್ಟು ಬಂದು ಪೂರ್ತಿ ನೀರು ಚೆಲ್ಲಿ, ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ಮೊದಲಿನಿಂದ ಶುರುಮಾಡಿದೆ. ಹೊಸ ಮನೆ ಎಂದು ತಿಳಿದು ನೆಂಟನೂ ಬಂದು ಸೇರಿಕೊಂಡ.

ಆಗ ಅಂಗಡಿಗೆ ಕಾಲೇಜಿನ ಲೆಕ್ಚರರ್ ಒಬ್ಬರು ಮದುವೆ ಫೋಟೋಕ್ಕೆ ಕಟ್ಟು ಹಾಕಿಸಲು ಬಂದರು. ಸಸ್ಯಶಾಸ್ತ್ರದವರಂತೆ. ಬಗ್ಗಿ ನೋಡಿ ಉದ್ದುದ್ದ ಹೆಸರು ಹೇಳಿದರು. ನನ್ನ ಹೆಸರುಗಳನ್ನು ನಾನೂ ಹೇಳಿದೆ. ಅವರು ಜೋರಾಗಿ ನಕ್ಕು, "ನಿಮ್ಮ ಹೆಸರೇ ಒಳ್ಳೆಯದಿದೆ, ಮಕ್ಕಳಿಗೆ ನೆನಪಿರ್ತದೆ" ಎಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ನೀವು ಕಿತ್ತು ಹಾಕುವುದೆಲ್ಲ ಸರಿ. ಆದರೆ ಇದಕ್ಕೆ ಊಟ ಹಾಕುವವರು ಯಾರು?"

"ಪಾಚಿಗೆ ಯಾರು ಊಟ ಹಾಕ್ತಾರೆ ಸಾರ್?"

"ಮೀನಿಗೆ ಹಾಕಿದ್ದರಲ್ಲಿ ಮಿಕ್ಕದ್ದು ಕೊಳೆತರೆ ಅದು ಪಾಚಿಗೇ ಊಟ. ಬೇಕಾದದ್ದಕ್ಕಿಂತ ಹೆಚ್ಚು ತಿನ್ನಿಸಿದಲ್ಲಿ ಬೇಡದ್ದು ಬೆಳೆಯುತ್ತದೆ ಸಂಜೀವಣ್ಣ, ಇಷ್ಟೇ ವಿಷಯ."

ನಾನು ದಿನಕ್ಕೊಂದು ಚಿಟಿಕೆ ಒಣಸಿಗಡಿ ಪುಡಿ ಹಾಕುವವನು. ಮರುದಿನ ಕನ್ನಡಿಗಳ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಗಾಜಿನ ಅಂಗಡಿಯಲ್ಲಿ ಅಡಗಿ ಕೂರುವುದು ಅಷ್ಟು ಸುಲಭವಲ್ಲ. ಎಲ್ಲಿ ಕೂತರೂ ನಮ್ಮದೇ ಒಂದಿಷ್ಟು ಮುಖಗಳು ಕಾಣುತ್ತಿರುತ್ತವೆ. ಬೆಳಿಗ್ಗೆ ಅಮ್ಮ ಅಂಗಡಿಯ ಹಿಂದೆಯೇ ಇದ್ದ ನಮ್ಮ ಮನೆಯಲ್ಲಿ ದೇವರ ಪೂಜೆ ಮುಗಿಸಿ ಬಂದು, ನೈವೇದ್ಯದ ಅನ್ನವನ್ನು ನೀರಿಗೆ ಹಾಕಿ ಕೈಮುಗಿದಳು. "ಅಮ್ಮಾ, ಎಂತ ಮಾಡ್ತಿದ್ದೀ?" ಎಂದು ಹೊರಗೆ ಬಂದೆ. "ಮತ್ಸ್ಯಾವತಾರ ಮಗಾ. ಮನೆಯಲ್ಲಿ ಇಟ್ಟುಕೊಂಡು ನೈವೇದ್ಯ ಮಾಡದಿದ್ದರೆ ಆಗ್ತದಾ?" ಎಂದು ನನ್ನನ್ನೇ ಕೇಳಿದಳು. ಸ್ವಲ್ಪ ಹೊತ್ತಿಗೆ ಜಲಜ ಬೂತಾಯಿ ಮೀನಿನ ಚೂರು ಹಾಕಿದಳು. "ಅತ್ತೆ ಹಾಕಿದ ಅನ್ನ ಅವು ತಿನ್ನುವುದಿಲ್ಲ, ಸಮುದ್ರದವಲ್ವಾ, ಪಾಪ." ಮೀನಿಗೆ ಮೀನನ್ನೇ ಬಡಿಸುವುದು ಎಷ್ಟು ಸರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ರಜೆ ಬೆಳೆಸಿಕೊಂಡು ಇನ್ನೂ ಊರಲ್ಲೇ ಇದ್ದ ವಿಕ್ಟರ್ ಬಂದ, ಬನ್ಸಿನ ಅರ್ಧ ಹಾಕಿದ. ಕಟ್ಟು ಹಾಕಿಸಲು ಬಂದವರು, ಹಾಲಿನವರು, ಅಂಚೆಯವರು, ಎಲ್ಲರೂ ಗಾಜಿನ ಮುಂದೆ ನಿಂತು, "ಊಟ ಆಯ್ತಾ?" ಎಂದು ಕೇಳಿ, ಕೈಯಲ್ಲಿದ್ದದ್ದನ್ನು ಹಾಕಿಯೇ ಮುಂದೆ ಹೋದರು. ಅವಲಕ್ಕಿ, ಚಕ್ಕುಲಿ ಪುಡಿ, ಒಬ್ಬರು ಮೂಡೆ ಕಡುಬಿನ ತುಂಡು. ಯಾರನ್ನು ಬಯ್ಯಲಿ? ನಮ್ಮ ಊರಿನಲ್ಲಿ ಎದುರು ಸಿಕ್ಕಿದವರಿಗೆ ಮೊದಲ ಮಾತೇ ಅದು. ಮೀನು ಉತ್ತರ ಕೊಡುವುದಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚುತ್ತದೆ. ಅದನ್ನು ನೋಡಿದರೆ ಯಾರಿಗಾದರೂ ಆಗಿಲ್ಲ ಎಂದೇ ಅನ್ನಿಸುತ್ತದೆ.

ಗಾಜಿನ ಮೇಲೆ ಅಕ್ಷರ ಬರೆಯುವುದರಲ್ಲಿ ನನ್ನದು ಒಳ್ಳೆಯ ಕೈ. 'ಮೀನುಗಳಿಗೆ ಆಹಾರ ಹಾಕಬಾರದು' ಎಂದು ಕೆಂಪು ಬಣ್ಣದಲ್ಲಿ ಬರೆದು ನೇತುಹಾಕಿದೆ. ಸಂಜೆಯೊಳಗೆ ಊರಿಡೀ ನಾನು ಕಂಜೂಸ್ ಆದೆ. "ತಾನೂ ಹಾಕುವುದಿಲ್ಲ, ಬೇರೆಯವರು ಹಾಕಿದರೂ ಆಗುವುದಿಲ್ಲವಂತೆ" ಎಂದು ಹೇಳಿಕೊಂಡು, ನನ್ನ ಮೇಲಿನ ಸಿಟ್ಟಿಗೆ ಇನ್ನೊಂದು ಹಿಡಿ ಹೆಚ್ಚೇ ಹಾಕಿದರು. ಆಗ ನನ್ನ ತಲೆ ಓಡಿತು. ನಮ್ಮವರ ಕೈಯನ್ನು ತಡೆಯುವ ಮಾತು ಲೋಕದಲ್ಲಿ ಒಂದೇ ಇದೆ. ಹಳೆಯ ಬೋರ್ಡು ಕೆರೆದು ಹೊಸದಾಗಿ ಬರೆದೆ: 'ಮೀನುಗಳಿಗೆ ಊಟ ಆಗಿದೆ.'

ಮಂತ್ರದ ಹಾಗೆ ನಾಟಿತು! ಜನ ಬಂದರು, ಓದಿದರು, "ಹೌದಾ, ಆಗಲಿ" ಎಂದು ಸಮಾಧಾನದಿಂದ ಕೈ ಕೆಳಗಿಳಿಸಿದರು. ಹಾಲಿನವರು ಮಾತ್ರ ಕೊಂಚ ಯೋಚಿಸಿ, "ಊಟ ಆಗಿರಬಹುದು. ತಿಂಡಿ?" ಎಂದರು. ಆ ಕ್ಷಣವೇ ಕುಂಚ ಅದ್ದಿ 'ತಿಂಡಿ, ಚಾ ಕೂಡ ಆಗಿದೆ' ಎಂದು ಕೆಳಗೆ ಸೇರಿಸಿದೆ. ಒಂದು ದಿನ ಲಾರಿ ನಿಲ್ಲಿಸಿ ಒಳಗೆ ಬಂದ ಡ್ರೈವರೊಬ್ಬ ಕನ್ನಡಿಗಳ ನಡುವೆ ಎಲ್ಲಿ ಕೂರುವುದೆಂದು ಹುಡುಕಿ, "ಮೀನೂಟ ಆಗಿದೆಯಂತಲ್ಲ, ಒಂದು ಕೊಡಿ" ಎಂದ. ನೋಡಿದರೆ, ಬೋರ್ಡಿನ 'ಗಳಿಗೆ' ಎಂಬ ಅಕ್ಷರಗಳ ಮೇಲೆ ಯಾರದ್ದೋ ಕೊಡೆ ತೂಗುತ್ತಿತ್ತು.

ಅಮ್ಮನನ್ನು ಬೋರ್ಡಿನಿಂದ ಗೆಲ್ಲಲು ಆಗುವುದಿಲ್ಲ, ಅವಳಿಗೆ ಓದು ಬಾರದು. ನೈವೇದ್ಯವನ್ನು ಮೀನುಗಳಿಗೆ ತೋರಿಸಿದರೆ ಸಾಕು, ದೇವರೂ ನೋಡುವುದಷ್ಟೇ ಅಲ್ವಾ ಎಂದೆ. ಅವಳು ನನ್ನ ಮುಖ ನೋಡಿ, "ಏಳನೆಯ ಕ್ಲಾಸು ನಿನಗೆ ಹೆಚ್ಚೇ ಆಯಿತು" ಎಂದಳು. ಆದರೆ ಮರುದಿನದಿಂದ ಪೆಟ್ಟಿಗೆಗೆ ತೋರಿಸಿದ ಅನ್ನ ಕಾಗೆಗೆ ಹೋಗತೊಡಗಿತು. ಮಿಕ್ಕ ಕೆಲಸವನ್ನು ಬಸವನಹುಳುಗಳೂ ನಾನೂ ಸೇರಿ ಮಾಡಿದೆವು. ವಾರಕ್ಕೊಮ್ಮೆ ಸ್ವಲ್ಪ ಕಡಲ ನೀರು ಬದಲಿಸುವುದು, ಆವಿಯಾಗಿ ಇಳಿದದ್ದಕ್ಕೆ ಬಾವಿಯ ಸಿಹಿನೀರು ತುಂಬುವುದು, ಕಂಡ ಗಡ್ಡ ಕಿತ್ತು ಹಾಕುವುದು. ಬಾಡಿಗೆದಾರ ಬಡಕಲಾದ. ಪಾಲುದಾರ ಒಂದು ದಿನ ಹೇಳದೆ ಕೇಳದೆ ಹೊರಟುಹೋದ.

ದೀಪಾವಳಿಗೆ ರಾಯರು ಬಂದರು. ಪೆಟ್ಟಿಗೆಯೊಳಗೆ ಮೀನುಗಳು ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತಿದ್ದವು. ರಾಯರು ಸುತ್ತ ನೋಡಿದರು, ಬಗ್ಗಿ ನೋಡಿದರು, ಕೊನೆಗೆ ಬೋರ್ಡು ನೋಡಿದರು. ನಾನು ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ.

"ಕೆಲಸ ನಿಮ್ಮದೇ ಸಂಜೀವಣ್ಣ. ಆದರೆ ಈ ಬೋರ್ಡು ನನಗೆ ಬೇಡ. ಶುದ್ಧ ಸಸ್ಯಾಹಾರಿ ಹೋಟೆಲಿನ ಬಾಗಿಲಲ್ಲಿ ಮೀನು, ಊಟ ಎರಡೂ ಒಟ್ಟಿಗೆ ಬರೆದರೆ ನನ್ನ ಕಥೆ ಎಂತ?"

"ಬೋರ್ಡು ಇಲ್ಲದಿದ್ದರೆ ನಿಮ್ಮ ಗಿರಾಕಿಗಳು ಇಡ್ಲಿ ಹಾಕ್ತಾರೆ ರಾಯರೇ. ಪಾಚಿ ಬರ್ತದೆ."

"ಹಾಗಾದರೆ ಬೋರ್ಡಿನ ಬದಲು ನೀವೇ ಬನ್ನಿ. ವಾರಕ್ಕೊಮ್ಮೆ."

ಒಪ್ಪಿದೆ. ಮಣಿಪಾಲದ ಹಜಾರದಲ್ಲಿ ನನ್ನ ಸಮುದ್ರ ಎದ್ದು ನಿಂತಿತು. ಅಂಥದ್ದು ಆಗ ಈ ಕಡೆ ಇನ್ನೊಂದು ಇರಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ವಾರ ವಾರ ಹೋಗಿ ಮುಳುಗಿದ ಇಡ್ಲಿಯ ಚೂರು ಹೆಕ್ಕಿ, ಗಾಜು ಕೆರೆದು, ನೀರು ಬದಲಿಸಿ, ಕೊಳವೆ ಸುತ್ತಿ ಹೊರಟರೆ ರಾಯರು ಗಲ್ಲಾಪೆಟ್ಟಿಗೆಯಿಂದಲೇ ಕೂಗುವರು, "ಊಟ ಆಯ್ತಾ?" "ಆಗಿದೆ" ಎಂದರೆ, "ಇಲ್ಲಿ ಆಗಿಲ್ಲವಲ್ಲ!" ಎಂದು ಎಲೆ ಹಾಕಿಸುವರು. ಊಟದ ಮೇಲೆ, ಹೊಸದಾಗಿ ಮಾಡಿದ್ದು ರುಚಿ ನೋಡಿ ಎಂದು ಗೋಳಿಬಜೆ. ಅದರ ಮೇಲೆ ಹಲ್ವ. ನಾನು ಬಾಯಿ ತೆರೆಯುತ್ತಿದ್ದದ್ದು ಬೇಡ ಎನ್ನುವುದಕ್ಕೆ. ಆದರೆ ತೆರೆದ ಬಾಯಿ ನೋಡಿದವರಿಗೆ ನಮ್ಮ ಊರಿನಲ್ಲಿ ಒಂದೇ ಅರ್ಥ.

ಹೀಗೆ ಕೆಲವು ತಿಂಗಳು ಕಳೆಯುವುದರೊಳಗೆ ಅಂಗಿಯ ಎರಡನೆಯ ಗುಂಡಿಯೂ ಹಾರಿತು. ಜಲಜ ಸೂಜಿಗೆ ದಾರ ಪೋಣಿಸುತ್ತಾ ನನ್ನ ಹೊಟ್ಟೆಯನ್ನು ಲೆಕ್ಚರರು ಪೆಟ್ಟಿಗೆಯನ್ನು ನೋಡಿದ ಹಾಗೆ ಬಗ್ಗಿ ನೋಡಿದಳು. "ಇದು ಯಾವ ಜಾತಿಯದ್ದು? ನೆಂಟನಾ, ಬಾಡಿಗೆದಾರನಾ?" ಎಂದು ಕೇಳಿದಳು. ಈಗಷ್ಟೇ ಬಂದದ್ದು, ನೆಂಟನೇ ಇರಬೇಕು, ತಾನಾಗಿ ಹೋಗುತ್ತದೆ ಎಂದು ಧೈರ್ಯವಾಗಿ ಹೇಳಿದೆ. ಅವಳು ದಾರ ಕಡಿದು, ಊರಿಗೆಲ್ಲ ಬಾಯಿಪಾಠವಾದ ಮೇಲೆ ಗೋಡೆಗೆ ಒರಗಿಸಿಟ್ಟಿದ್ದ 'ಊಟ ಆಗಿದೆ' ಬೋರ್ಡನ್ನು ಧೂಳು ಒರೆಸಿ ತಂದು ನನ್ನ ಕುತ್ತಿಗೆಗೆ ಹಾಕಿ ಅಳತೆ ನೋಡಿದಳು. ಸುತ್ತಲಿನ ಕನ್ನಡಿಗಳಲ್ಲೆಲ್ಲ ಬೋರ್ಡು ಹಾಕಿಕೊಂಡ ನಾನೇ ನಿಂತಿದ್ದೆ. ಅಕ್ಷರ ಮಾತ್ರ ನಿಜಕ್ಕೂ ಬಹಳ ಚೆನ್ನಾಗಿ ಬರೆದಿದ್ದೆ.