ತಳ್ಳದೆ ಹೊರಡದ ಲಾರಿಯನ್ನು ಗಡಿ ಗೇಟಿನಲ್ಲಿ ತಳ್ಳಿದ ಬಗ್ಗೆ

ಸಂಖ್ಯೆ: ಲಾ/ಸ್ಟಾ/ತಳ್ಳು/೧೭/೧೯೪೬
ನವೆಂಬರ್ ೧೯೪೬

ವಿಷಯ: ಇಲಾಖೆಯ ಮಿಲಿಟರಿ ಲಾರಿಯ ಸ್ಟಾರ್ಟರು ಕೆಟ್ಟಿರುವುದು, ಸದರಿ ಲಾರಿಯನ್ನು ಅಪ್ಪಣೆಯಿಲ್ಲದೆ ತಳ್ಳಿಸಿದ್ದಕ್ಕಾಗಿ ಡ್ರೈವರ್ ಪಾಲಯ್ಯನನ್ನು ಕೆಲಸದಿಂದ ತೆಗೆಯುವ ಕುರಿತು.

ಉಲ್ಲೇಖ: (೧) ‘ಗೇಟಿನಲ್ಲಿ ಇಂಜಿನ್ ಆರಿಸತಕ್ಕದ್ದು’ ಎಂಬ ಈ ಕಚೇರಿಯ ಹಿಂದಿನ ಸುತ್ತೋಲೆ. (೨) ಪಾಲಯ್ಯನ ಹೇಳಿಕೆ. (೩) ಎರ್ರೆಮ್ಮ ಎಂಬಾಕೆಯ ಕೂಗಾಟ.

ಯುದ್ಧ ಮುಗಿದು ಮಿಲಿಟರಿಯವರಿಗೆ ಹೆಚ್ಚಾದ ಲಾರಿಯೊಂದನ್ನು ಈ ಇಲಾಖೆ ಪಡೆದಿದ್ದು, ಅದು ಹೊಸಪೇಟೆಗೂ ಸಂಡೂರು ಸಂಸ್ಥಾನಕ್ಕೂ ನಡುವೆ ಟಪಾಲು ಮತ್ತು ಜೋಳ ಸಾಗಿಸುತ್ತಿರುವುದು ಸರಿಯಷ್ಟೆ. ಬಂದ ವಾರದಲ್ಲೇ ಅದರ ಸ್ಟಾರ್ಟರು ಕೆಟ್ಟಿತು. ಗುಂಡಿ ಒತ್ತಿದರೆ ‘ಟಕ್’ ಎನ್ನುವುದೇ ಹೊರತು ಬೇರೇನೂ ಆಗುವುದಿಲ್ಲ. ಎಂಟು ಜನ ತಳ್ಳಿದರೆ ಮಾತ್ರ ಇಂಜಿನ್ ಹತ್ತುತ್ತದೆ.

ಕಳೆದ ಮಂಗಳವಾರ ಪಾಲಯ್ಯನು ಸಂಡೂರಿನಿಂದ ಬರುವಾಗ, ಹೆರಿಗೆ ನೋವು ತಿನ್ನುತ್ತಿದ್ದ ಬಸಕ್ಕ ಎಂಬಾಕೆಯನ್ನೂ ಆಕೆಯ ಅತ್ತೆ ಎರ್ರೆಮ್ಮಳನ್ನೂ ಹೊಸಪೇಟೆ ಆಸ್ಪತ್ರೆಗೆಂದು ಹತ್ತಿಸಿಕೊಂಡಿದ್ದನು. ಗಡಿ ಗೇಟಿನಲ್ಲಿ ಕಾವಲುಗಾರ ಜಂಬಪ್ಪನು ಉಲ್ಲೇಖ (೧)ರಂತೆ ಇಂಜಿನ್ ಆರಿಸಲು ಹೇಳಿದನು. ಆಗ ಪಾಲಯ್ಯನು, “ಆರಿಸಿದ್ರ ಮತ್ತ ಹತ್ತಂಗಿಲ್ಲಪ, ಒಳಗ ಬಸುರಿ ಹೆಣ್ಮಗಳು ಅದಾಳ, ಬಿಡೋ ಮಾರಾಯ” ಎಂದದ್ದೂ, ಜಂಬಪ್ಪನು “ನನ್ನ ಕೈಯಾಗ ಏನೈತಿ? ಎಲ್ಲಾ ಕಾಗದದಾಗ ಐತಿ” ಎಂದದ್ದೂ ವಿಚಾರಣೆಯಿಂದ ತಿಳಿದುಬಂದಿದೆ. ಜಂಬಪ್ಪನ ಕರ್ತವ್ಯನಿಷ್ಠೆಯನ್ನು ಮೆಚ್ಚಲಾಗಿದೆ.

ಇಂಜಿನ್ ಆರಿತು. ಲಾರಿಯ ತಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ, ಬಾಲ ಸಂಡೂರು ಸಂಸ್ಥಾನದಲ್ಲಿ ನಿಂತಿತು. ಎರ್ರೆಮ್ಮಳು ಸೌದೆ ಹೊರೆ ಹೊತ್ತು ಬರುತ್ತಿದ್ದ ಹೆಂಗಸರನ್ನೂ ದನ ಕಾಯುವವರನ್ನೂ ಕೂಗಿ ಕರೆದು ಲಾರಿ ತಳ್ಳಿಸಿದಳು. ಬಸಕ್ಕ ಆಸ್ಪತ್ರೆ ಮುಟ್ಟಿದಳು. ಹೆಣ್ಣು ಮಗು. ತಾಯಿ, ಮಗು ಕ್ಷೇಮವಾಗಿರುವುದು ಈ ಇಲಾಖೆಗೆ ಸಂಬಂಧಿಸಿದ್ದಲ್ಲವಾದರೂ ಬರೆದಿಡಲಾಗಿದೆ.

ಹೀಗೆ ಮನಸ್ಸಿಗೆ ಬಂದವರೆಲ್ಲ ಸರ್ಕಾರಿ ಲಾರಿ ತಳ್ಳುತ್ತ ಹೋದರೆ ಇಲಾಖೆ ಯಾಕಿರಬೇಕು? ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಹ್ಯಾಂಡಲು ಹಾಕಿ ತಿರುಗಿಸಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಿದ್ದಾರೆ. ಮಿಲಿಟರಿಯವರಿಗೆ ಹೆಚ್ಚಾಗಿದ್ದು ಲಾರಿ ಮಾತ್ರ, ಹ್ಯಾಂಡಲು ಹೆಚ್ಚಾಗಿರಲಿಲ್ಲ. ಅದನ್ನು ಅವರೇ ಇಟ್ಟುಕೊಂಡಿದ್ದಾರೆ. ಇನ್ನು ಮುಂದೆ ಯಾರೂ ಕೇಳಕೂಡದು.

೨. ಹೊಸ ಸ್ಟಾರ್ಟರಿಗಾಗಿ ಡಿಪೋಗೆ ಬರೆಯಲಾಗಿದೆ. ಹಳೆಯದನ್ನು ಒಪ್ಪಿಸಿದರೆ ಹೊಸದು ಕೊಡುವುದಾಗಿ ಅವರು ತಿಳಿಸಿದ್ದಾರೆ. ಹಳೆಯದನ್ನು ಲಾರಿಗೆ ಕೂಡಿಸಿಯೇ ತರಬೇಕು, ಅದು ಕೆಟ್ಟಿದೆಯೆಂದು ತೋರಿಸಲು ಡಿಪೋದ ಬಾಗಿಲಲ್ಲಿ ಅದರಿಂದಲೇ ಲಾರಿಯನ್ನು ಹೊರಡಿಸಬೇಕು. ಹೊರಟರೆ ಹೊಸದು ಸಿಗುವುದಿಲ್ಲ. ಹೊರಡದಿದ್ದರೆ ಲಾರಿಯನ್ನು ಅಲ್ಲಿಯೇ ಬಿಟ್ಟು ಬರತಕ್ಕದ್ದು.

೩. ಸಂಸ್ಥಾನದ ಪ್ರಜೆಗಳು ಸಂಸ್ಥಾನದ ನೆಲದಲ್ಲಿ ಕಾಲೂರಿ, ಸರ್ಕಾರಿ ಲಾರಿಯನ್ನು ಪ್ರೆಸಿಡೆನ್ಸಿಯೊಳಕ್ಕೆ ದಬ್ಬುವುದು ದಂಡೆತ್ತಿ ಬಂದದ್ದಕ್ಕೆ ಸಮ. ಇನ್ನು ಮುಂದೆ ಅವರು ಗಡಿಯ ಗೆರೆಯವರೆಗೆ ಮಾತ್ರ ತಳ್ಳಿ, ಅಲ್ಲಿ ನಮ್ಮವರಿಗೆ ಲಾರಿ ಒಪ್ಪಿಸಿ ರಸೀದಿ ಪಡೆಯತಕ್ಕದ್ದು. ರಸೀದಿ ಬರೆಯುವಾಗ ಲಾರಿ ನಿಲ್ಲಕೂಡದು.

೪. ಐವರಿಗಿಂತ ಹೆಚ್ಚು ಜನ ಒಂದೆಡೆ ಸೇರಕೂಡದೆಂಬ ಆಜ್ಞೆ ಜಾರಿಯಲ್ಲಿದೆ. ಲಾರಿಗೆ ಎಂಟು ಜನ ಬೇಕು. ಆದಕಾರಣ ಐವರು ಲಾರಿಯ ಬಳಿ ತಳ್ಳತಕ್ಕದ್ದು. ಉಳಿದ ಮೂವರು ಒಂದು ಫರ್ಲಾಂಗು ದೂರದಲ್ಲಿ ನಿಂತು ಅಲ್ಲಿಂದಲೇ ತಳ್ಳತಕ್ಕದ್ದು.

೫. ತಳ್ಳುವಾಗ ‘ಐಸಾ’ ಎಂದು ಕೂಗುವುದು ಘೋಷಣೆಯಂತೆ ಕೇಳುವುದರಿಂದ ಅದನ್ನು ನಿಷೇಧಿಸಲಾಗಿದೆ. ಅಗತ್ಯವಿದ್ದಲ್ಲಿ ಎಲ್ಲರೂ ಒಮ್ಮೆಗೇ ಕೆಮ್ಮಬಹುದು.

೬. ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿ ಹೊರಡಿಸುವುದು ಪಾಲಯ್ಯನ ರೂಢಿಯಾಗಿತ್ತು. ಘಾಟಿಯ ಇಳಿಜಾರು ಅರಣ್ಯದವರದ್ದು. ಅನ್ಯ ಇಲಾಖೆಯ ಇಳಿಜಾರನ್ನು ಉಪಯೋಗಿಸಕೂಡದು.

೭. ಸದರಿ ಎರ್ರೆಮ್ಮ, ಬಸಕ್ಕ ಎಂಬುವರು ಗೇಟು ದಾಟಿ ಹೋಗುವಾಗ ಇಬ್ಬರಿದ್ದು, ಮರಳುವಾಗ ಮೂವರಾಗಿದ್ದಾರೆ. ಮೂರನೆಯ ವ್ಯಕ್ತಿಯು ಪರವಾನಗಿ ತೋರಿಸಿಲ್ಲ. ಕದ್ದು ಜೋಳ ಸಾಗಿಸುತ್ತಿಲ್ಲವೆಂದು ಹೇಳಿಕೆಯನ್ನೂ ಕೊಟ್ಟಿಲ್ಲ, ಕೇಳಿದಾಗ ಅತ್ತಿದೆ. ಇನ್ನು ಮುಂದೆ ಗರ್ಭಿಣಿಯರು ನೋವು ಬರುವುದಕ್ಕೆ ಏಳು ದಿನ ಮುಂಚಿತವಾಗಿ, ಬರುವ ಹೊತ್ತನ್ನು ಕಾಣಿಸಿ ಅರ್ಜಿ ಕೊಡತಕ್ಕದ್ದು.

೮. ಇಷ್ಟಕ್ಕೆಲ್ಲ ಕಾರಣನಾದ ಡ್ರೈವರ್ ಪಾಲಯ್ಯನನ್ನು ಈ ಆಜ್ಞೆ ಓದಿ ಹೇಳಿದ ಕ್ಷಣದಿಂದ ಕೆಲಸದಿಂದ ತೆಗೆಯಲಾಗಿದೆ. ‘ಲಾರಿ ಬಿಟ್ರ ನನಗ ಬ್ಯಾರೆ ಕೆಲಸ ಬರಂಗಿಲ್ರಿ, ಮನಿ ತುಂಬ ಮಂದಿ ಅದಾರ’ ಎಂಬ ಆತನ ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗಿದೆ. ಪರಿಗಣಿಸಲಾಗಿಲ್ಲ.

೯. ಮೇಲಿನ ಕಲಮುಗಳನ್ನು ಸಂಡೂರಿನ ಮುಸಾಫಿರಖಾನೆಯಲ್ಲಿ, ವಿಚಾರಣೆ ಮುಗಿದ ಮೇಲೆ ಬರೆಯಲಾಗಿತ್ತು. ಕೆಳಗೆ ಸಹಿ ಮಾಡಿದವರು ಅವುಗಳೊಡನೆ ಅದೇ ಲಾರಿಯಲ್ಲಿ ಹೊಸಪೇಟೆಗೆ ಹೊರಟು, ಇಂದು ಸಂಜೆ ಗಡಿ ಗೇಟಿಗೆ ಬಂದರು. ಉಲ್ಲೇಖ (೧)ರಂತೆ ಜಂಬಪ್ಪನು ಇಂಜಿನ್ ಆರಿಸುವಂತೆ ಮಾಡಿದನು. ಆತನ ಕರ್ತವ್ಯನಿಷ್ಠೆಯನ್ನು ಈ ಸಲ ಮೆಚ್ಚಲಾಗಿಲ್ಲ.

೧೦. ಗೇಟಿನಲ್ಲಿ ಸೇರಿದ್ದ ಜನರೆದುರು ಒಂದರಿಂದ ಎಂಟರವರೆಗಿನ ಕಲಮುಗಳನ್ನು ಗಟ್ಟಿಯಾಗಿ ಓದಿಸಲಾಯಿತು. ಎಂಟನೆಯದು ಮುಗಿಯುತ್ತಲೇ ಪಾಲಯ್ಯನು ಇಳಿದು ಹೋಗಿ ಬೇವಿನ ಮರದ ಕೆಳಗೆ ಕುಳಿತನು. ಕೆಳಗೆ ಸಹಿ ಮಾಡಿದವರಿಗೆ ಲಾರಿ ನಡೆಸಲು ಬರುವುದಿಲ್ಲವೆಂಬುದು ಈ ಸಂದರ್ಭದಲ್ಲಿ ಗಮನಕ್ಕೆ ಬಂದಿದೆ.

೧೧. ತಳ್ಳಲು ಕರೆದಾಗ ಜನರು, “ಅಯ್ಯೋ, ರೂಲು ಆಗೇತಲ್ರಿ ಸಾಯ್ಬ್ರ! ನಾವೆಲ್ಲಾ ಆ ಮೂರು ಮಂದಿ ಪೈಕಿ, ಒಂದು ಫರ್ಲಾಂಗು ದೂರದಾಗ ನಿಂತು ತಳ್ಳತೀವಿ” ಎಂದು ದೂರ ಹೋಗಿ, ಗಾಳಿಯಲ್ಲಿ ಕೈ ಚಾಚಿ, ಒಮ್ಮೆಗೇ ಕೆಮ್ಮಿದರು. ಲಾರಿ ಅಲುಗಲಿಲ್ಲ. ಹೊತ್ತು ಇಳಿಯುತ್ತಿದೆ. ಈ ಗುಡ್ಡದಲ್ಲಿ ಚಿರತೆ ಇರುವುದನ್ನು ಜಂಬಪ್ಪನು ಕೇಳದೆಯೇ ತಿಳಿಸಿದ್ದಾನೆ.

೧೨. ಆದ್ದರಿಂದ ಕಲಂ ೩, ೪, ೫ನ್ನು ಇಂದಿನ ಮಟ್ಟಿಗೆ ತಡೆಹಿಡಿಯಲಾಗಿದೆ. ಕಲಂ ೮ನ್ನು ರದ್ದುಮಾಡಿ ಪಾಲಯ್ಯನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ. ಆದರೆ ಕೆಲಸದಿಂದ ತೆಗೆಯಲು ಓದಿ ಹೇಳಿದರೆ ಸಾಕು, ಮರಳಿ ಸೇರಿಸಿಕೊಳ್ಳುವ ಆಜ್ಞೆಗೆ ಮೊಹರು ಬೀಳದೆ ಬೆಲೆಯಿಲ್ಲ, ಮೊಹರು ಹೊಸಪೇಟೆಯ ಕಚೇರಿಯ ಪೆಟ್ಟಿಗೆಯಲ್ಲಿದೆ. ಅಲ್ಲಿಯವರೆಗೆ ಪಾಲಯ್ಯನು ಆಜ್ಞೆಯಿಲ್ಲದೆ ಲಾರಿ ಮುಟ್ಟಕೂಡದು. ಲಾರಿ ಮುಟ್ಟದೆ ಮೊಹರು ಸಿಗುವುದಿಲ್ಲ.

೧೩. ಅಷ್ಟರಲ್ಲಿ ಗೇಟಿನ ಹತ್ತಿರದ ತನ್ನ ಹಟ್ಟಿಯಿಂದ ಎರ್ರೆಮ್ಮಳು ಎಳೆಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ರೊಟ್ಟಿ ಬುತ್ತಿ ಹಿಡಿದು ಬಂದಳು. ಬುತ್ತಿಯನ್ನು ಕೆಳಗೆ ಸಹಿ ಮಾಡಿದವರ ಮುಂದೆ ಇಟ್ಟು, “ಹಸ್ದೀರಿ, ಮೊದ್ಲು ಉಣ್ರಿ” ಎಂದಳು. ಉಂಡಾದ ಮೇಲೆ, “ಆವತ್ತು ನನ್ನ ಸೊಸಿ ಇಲ್ಲೇ ಬಿದ್ದು ಒದ್ದಾಡಕತ್ತಿದ್ಲು. ಈ ಕೂಸು ಬರಾಕ ನಿಮ್ಮ ಮೊಹರು ಕೇಳಿತ್ತೇನ್ರಿ? ಪಾಲಯ್ಯ ಕೇಳಿದ್ನೇನು?” ಎಂದು ವಿಚಾರಿಸಿದಳು. ಈ ಪ್ರಶ್ನೆಗೆ ಕಡತದಲ್ಲಿ ಉತ್ತರ ಹುಡುಕಲಾಯಿತು. ಇಲ್ಲ.

೧೪. ಆದಕಾರಣ ಪಾಲಯ್ಯನ ಕೆಲಸಕ್ಕೆ ಮೊಹರು ಬೇಕಿಲ್ಲ. ಉಲ್ಲೇಖ (೧)ನ್ನು ಶಾಶ್ವತವಾಗಿ ರದ್ದುಪಡಿಸಲಾಗಿದೆ. ಗೇಟಿನಲ್ಲಿ ಯಾರ ಇಂಜಿನ್ನನ್ನೂ ಆರಿಸಕೂಡದು.

೧೫. ಪಾಲಯ್ಯನು ಸೀಟಿಗೆ ಮರಳಿದ್ದಾನೆ. ಜನರೂ ಹತ್ತಿರ ಬಂದಿದ್ದಾರೆ. ಎಣಿಸಿದಾಗ ಏಳು ಮಂದಿ. ಎಂಟನೆಯವರಾಗಿ ಕೆಳಗೆ ಸಹಿ ಮಾಡಿದವರು ಕೋಟು ಕಳಚಿ, ಲಾರಿಯಿಂದಿಳಿದು, ಹಿಂದೆ ಬಂದು ಕೈಹಚ್ಚತಕ್ಕದ್ದೆಂದೂ, ‘ಐಸಾ’ ಎಂದು ಬಾಯಿಬಿಟ್ಟು ಕೂಗತಕ್ಕದ್ದೆಂದೂ ಎರ್ರೆಮ್ಮಳಿಂದ ಈ ಮೂಲಕ ಸೂಚಿಸಲಾಗಿದೆ.

(ಸಹಿ) ಹಿ. ಕೊಟ್ರಯ್ಯ
ಹಂಗಾಮಿ ಉಪ-ಸಹಾಯಕ ಮೇಲ್ವಿಚಾರಕರು
ಕ್ಯಾಂಪ್: ಗಡಿ ಗೇಟು, ಲಾರಿಯ ಹಿಂಭಾಗ
(ಕೈಗೆ ಗ್ರೀಸು ಹತ್ತಿರುವುದರಿಂದ ಸಹಿ ಸರಿಯಾಗಿ ಬಂದಿಲ್ಲ.)

ಪ್ರತಿಗಳು:
೧. ಪಾಲಯ್ಯ, ಡ್ರೈವರ್: ಜೋಪಾನವಾಗಿಟ್ಟುಕೊಳ್ಳಲು.
೨. ಜಂಬಪ್ಪ, ಗೇಟು: ಹಳೆಯ ಕಾಗದ ಕಿತ್ತು ಇದನ್ನು ಅಂಟಿಸಲು.
೩. ಡಿಪೋ: ಕೆಟ್ಟ ಸ್ಟಾರ್ಟರಿನೊಂದಿಗೆ. ಲಾರಿಯನ್ನು ಕಳುಹಿಸುವುದಿಲ್ಲ.
೪. ಎರ್ರೆಮ್ಮ: ಸೂಚನೆಯನ್ನು ಪಾಲಿಸಲಾಗಿದೆ.
೫. ಬಸಕ್ಕನ ಮಗಳು: ಓದಲು ಬಂದ ಮೇಲೆ.

(ಪ್ರತಿಗಳೆಲ್ಲವೂ ಸದರಿ ಲಾರಿಯಲ್ಲೇ ಇವೆ. ಲಾರಿ ಹೊರಟರೆ ತಲುಪುತ್ತವೆ.)