ಒಪ್ಪೆನೆಂಬ ಮೈಲಾರಿಯ ಮೂಷಿಕಪರ್ವ

ಯಾವ ಯುಗದಲ್ಲಿ ಕೊಂಡ ವಸ್ತು ಕೊಂಡವನದಲ್ಲವೋ, ಒಬ್ಬನೇ ಕೂತು ಆಡುವ ಆಟಕ್ಕೂ ಸಮುದ್ರದಾಚೆಯ ಯಂತ್ರದ ಅಪ್ಪಣೆ ಬೇಕೋ, ನಿನ್ನೆ ಬಲಗಡೆಯಿದ್ದ ಗುಂಡಿಯು ಇಂದು ‘ಹೊಸ ರೂಪ’ವೆಂಬ ನೆಪ ಹೂಡಿ ಎಡಗಡೆಗೆ ಓಡಿಹೋಗಿ ಜನಕೋಟಿಯನ್ನು ಕಂಗೆಡಿಸುವುದೋ, ಕೇಳದಿದ್ದರೂ ತೆರೆಯ ಮೂಲೆಯಲ್ಲಿ ಇಣುಕಿ ‘ನಾನು ಸಹಾಯ ಮಾಡಲೇ?’ ಎಂದು ಕೃತಕಬುದ್ಧಿಯು ಹಲ್ಲು ಕಿರಿಯುವುದೋ, ಅಂಥ ಘೋರಯುಗದ ಒಂದು ಭಾನುವಾರದ ಮಧ್ಯಾಹ್ನ, ಗದಗಿಗೆ ಅಂಟಿಕೊಂಡ ಬೆಟಗೇರಿ ಎಂಬ ಮಗ್ಗಗಳ ಪುರದಲ್ಲಿ, ಮೂಷಿಕಪಾಣಿಯೂ ಕೀಲಿಮಣೆಕಠೋರಾಂಗುಲಿಯೂ ಅರ್ಧನಿರ್ಮಿತಕ್ರೀಡಾವಿಕ್ರಯವೈರಿಯೂ, ಎಂದರೆ ಅರ್ಧ ಕಟ್ಟಿದ ಆಟವನ್ನು ಪೂರ್ತಿ ಬೆಲೆಗೆ ಮಾರುವವರ ಹುಟ್ಟುಹಗೆಯೂ ಆದ ಮೈಲಾರಿಯು ತನ್ನ ಬದುಕಿನ ಮಹಾಸಂಗ್ರಾಮಕ್ಕೆ ಸನ್ನದ್ಧನಾದನು. ಎಲೈ ವಿದ್ಯುದ್ದೇವಿಯೇ, ತಂತಿಯೊಳಗೆ ಹರಿಯುವ ಕಾಣದ ಗಂಗೆಯೇ, ಈ ಕಥೆ ಮುಗಿಯುವವರೆಗಾದರೂ ಹೋಗದಿರು.

ರಣಭೂಮಿಯು ದಾದಾಪೀರನ ಗೇಮಿಂಗ್ ಸೆಂಟರು. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಕುರುಕ್ಷೇತ್ರ. ಗಿರಣಿ ತಿರುಗಿದಾಗಲೆಲ್ಲ ವೀರರ ಆಸನಗಳು ನಡುಗುತ್ತಿದ್ದವು. ಬಿಳಿಜೋಳದ ಹಿಟ್ಟು ಮೆಟ್ಟಿಲೇರಿ ಬಂದು ಗಣಕಯಂತ್ರಗಳ ನೆತ್ತಿಗೆಲ್ಲ ವಿಭೂತಿ ಬಳಿಯುತ್ತಿತ್ತು. ಅಲ್ಲಿ ಎರಡೂ ಕೈಗಳು ಮುರಿಯದೆ ಉಳಿದಿದ್ದ ಕುರ್ಚಿ ಒಂದೇ ಒಂದು. ಅದೇ ಸಿಂಹಾಸನ. ‘ಮಗ್ಗದ ಹುಲಿಗಳು’ ಎಂಬ ಮೂವರ ತಂಡಕ್ಕೆ ಯಾರು ನಾಯಕನೋ ಅವನಿಗೆ ಮಾತ್ರ ಅದರ ಮೇಲೆ ಮೊಣಕೈಯೂರುವ ಅಧಿಕಾರ. ಎರಡು ವರ್ಷಗಳಿಂದ ಆ ಮೊಣಕೈಗಳು ಮೈಲಾರಿಯವು. ಆ ದಿನ ನಾಲ್ಕು ಗಂಟೆಗೆ ಹುಬ್ಬಳ್ಳಿಯ ತಂಡದೊಡನೆ ಕಡೆಯ ಪಂದ್ಯ. ಗೆದ್ದರೆ ಗೆಲುವಿನ ಕಪ್ ಬೆಟಗೇರಿಗೆ. ಹೊತ್ತಿಗೆ ಮೂವರೂ ಕೂತಿರದಿದ್ದರೆ ಆಡದೆಯೇ ಹುಬ್ಬಳ್ಳಿಗೆ.

ವಿಧಿಯ ಆಟ ನೋಡಿ. ಜನರು ಮೌಸ್ ಎಂದು ಕರೆಯುವ, ಅಸಂಖ್ಯ ಶತ್ರುಗಳನ್ನು ಕೆಡವಿದ ಮೈಲಾರಿಯ ಹಳೆಯ ಮೂಷಿಕವು ಹೊಟ್ಟೆಯ ತುಂಬ ಜೋಳದ ಹಿಟ್ಟು ತುಂಬಿಕೊಂಡು ಹಿಂದಿನ ಸಂಜೆಯೇ ವೀರಮರಣವನ್ನಪ್ಪಿತ್ತು. ಬದಲಿಗೆ ಹೊಸದೊಂದನ್ನು ತಂದವನು ಪಂಚಾಕ್ಷರಿ, ತಂಡದ ಎರಡನೆಯ ವೀರ, ನೂತನವಸ್ತುಪಾದಾರವಿಂದಭೃಂಗ. ಮಾತಾಡುವ ಬಲ್ಬಿಗೂ ನಡಿಗೆ ಎಣಿಸುವ ಗಡಿಯಾರಕ್ಕೂ ಮನೆಯವರಿಗಿಂತ ಹೆಚ್ಚು ಮರ್ಯಾದೆ ಕೊಡುವ ಜೀವ.

“ತಗೋ ಕ್ಯಾಪ್ಟನ್,” ಎಂದನು ಅವನು, ಪೆಟ್ಟಿಗೆ ಬಿಚ್ಚುತ್ತ. “ಇದರಾಗ ಎಐ ಐತಿ.”

“ಮೌಸಿನ್ಯಾಗ ಎಐ ಯಾಕಲೇ? ನನ್ನ ಕೈ ಎತ್ತ ಹೋಗತೈತೋ ಅತ್ತ ಹೋದ್ರ ಸಾಕಿತ್ತು.”

“ನಿನ್ನ ಕೈ ಎತ್ತ ಹೋಗೂದೈತಿ ಅಂತ ಮೊದಲs ಅದಕ್ಕ ಗೊತ್ತಾಗತೈತಿ.”

“ನಂಗs ಗೊತ್ತಿರೂದಿಲ್ಲಲೇ ಅದು!”

ಮೂರನೆಯ ವೀರಾಂಗನೆ ಸಾವಂತ್ರಿ ಪಕ್ಕದಲ್ಲಿ ಕೂತು ನಕ್ಕಳು. ಹಗಲೆಲ್ಲ ರವಿಕೆ ಹೊಲಿಯುವ ಆಕೆ ಸೂಚೀರಂಧ್ರಭೇದಿನೀ. ದೂರದ ಮಹಡಿಯ ಮೇಲೆ ಅಡಗಿದ ಶತ್ರುವನ್ನು ಸೂಜಿಗೆ ದಾರ ಪೋಣಿಸುವಷ್ಟೇ ಸಲೀಸಾಗಿ ಕೆಡವುವವಳು. ಮೈಲಾರಿಯ ಜೊತೆಗೆ ಆಕೆಯೂ ಬೆಟಗೇರಿಯ ಓದು ಬಳಗದ ಸದಸ್ಯೆ. ಇದನ್ನು ನೆನಪಿನಲ್ಲಿಡಿ.

ಮೈಲಾರಿ ಹೊಸ ಮೂಷಿಕದ ಬಾಲವನ್ನು ಯಂತ್ರಕ್ಕೆ ಸಿಕ್ಕಿಸಿದ್ದೇ ತಡ, ಅದು ಕೆಂಡದಂತೆ ಕೆಂಪಾಗಿ ಮಿನುಗತೊಡಗಿತು. ಕೈಯನ್ನು ಒಂದು ಗೋಧಿಕಾಳಿನಷ್ಟು ಸರಿಸಿದರೆ ತೆರೆಯ ಮೇಲಿನ ಬಾಣ ಈ ತುದಿಯಿಂದ ಆ ತುದಿಗೆ ಹಾರಿ ಗೋಡೆಗೆ ಬಡಿದಂತೆ ನಿಲ್ಲುತ್ತಿತ್ತು. ಆಟದೊಳಗಿನ ವೇಗವನ್ನು ತಳಮಟ್ಟಕ್ಕೆ ಇಳಿಸಿ ನೋಡಿದನು. ಬಾಣಕ್ಕೆ ಬುದ್ಧಿ ಬರಲಿಲ್ಲ. ಆಗ ತೆರೆಯ ನಡುವೆ ಒಂದು ಪುಟ ತೆರೆದುಕೊಂಡಿತು. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: ವೇಗ ಇಳಿಸಬೇಕೇ? ನಮ್ಮಲ್ಲಿ ಖಾತೆ ತೆರೆಯಿರಿ. ಕೆಳಗೆ ಒಂದು ಚಿಕ್ಕ ಚೌಕ. ಅದರ ಪಕ್ಕ ಒಂದು ವಾಕ್ಯ. ‘ಷರತ್ತುಗಳನ್ನೆಲ್ಲ ಓದಿದ್ದೇನೆ, ಒಪ್ಪಿದ್ದೇನೆ.’

“ಒತ್ತಪಾ, ಹೊತ್ತಾತು,” ಎಂದನು ಪಂಚಾಕ್ಷರಿ.

ಮೈಲಾರಿಯ ಕೈ ನಿಂತಿತು. ನಿಲ್ಲಲೇಬೇಕಿತ್ತು. ಏಕೆಂದರೆ ಓದು ಬಳಗದವರೆಲ್ಲ ಗುರುವಾರದ ಸಂಜೆ ಕೂಡಿ, ಓದದ ಯಾವುದಕ್ಕೂ ಒಪ್ಪಿಗೆ ಕೊಡುವುದಿಲ್ಲವೆಂದು ಕೈಯೆತ್ತಿ ಪಣ ತೊಟ್ಟಿದ್ದರು. ಆ ಪಣವನ್ನು ಬಳಗಕ್ಕೆ ಬೋಧಿಸಿದವನು, ಹಿಂದೆಮುಂದೆ ನೋಡಿದವರನ್ನು ಎಬ್ಬಿಸಿ ನಿಲ್ಲಿಸಿ ತೊಡಿಸಿದವನು ಸಾಕ್ಷಾತ್ ಮೈಲಾರಿ. ಈಗ ಒತ್ತಿದರೆ ಗುರುವಾರ ಮುಖ ತೋರಿಸುವಂತಿಲ್ಲ. ಒತ್ತದಿದ್ದರೆ ಸಿಂಹಾಸನವಿಲ್ಲ. ಅವನ ಎಡಮೊಣಕೈ ಕುರ್ಚಿಯ ಎಡಗೈಯನ್ನೂ ಬಲಮೊಣಕೈ ಬಲಗೈಯನ್ನೂ ಒಮ್ಮೆ ಒತ್ತಿ ನೋಡಿಕೊಂಡವು.

ಆಗ ಆ ಧೀರೋದಾತ್ತನು ಎದ್ದು ನಿಂತು, ಕೆಳಗಿನ ಗಿರಣಿಯ ಗರ್ಜನೆಯನ್ನೂ ಮೀರಿಸುವ ಕಂಠದಿಂದ ಹೀಗೆಂದನು:

“ಸಂಗಾತಿಗಳೇ! ಒಬ್ಬನೇ ಆಡುವ ಆಟಕ್ಕೆ ಇಂಟರ್ನೆಟ್ಟು ಕೇಳಿದರು, ಸಹಿಸಿದೆವು. ಆಟದ ಬೆಲೆ ಕಟ್ಟಿಸಿಕೊಂಡು ಆಟದೊಳಗಿನ ಟೊಪ್ಪಿಗೆಗೆ ಬೇರೆ ಬೆಲೆ ಇಟ್ಟರು, ಆ ಟೊಪ್ಪಿಗೆಯನ್ನೇ ಹಾಕಿಕೊಂಡು ಸಹಿಸಿದೆವು. ಹಾಡು ಬಾಡಿಗೆಗೆ, ಸಿನಿಮಾ ಬಾಡಿಗೆಗೆ, ಬರೆಯುವ ತಂತ್ರಾಂಶವೂ ಬಾಡಿಗೆಗೆ! ಈಗ ಅಂಗೈಯೊಳಗಿನ ಇಲಿಯೂ ನಮ್ಮ ಹೆಸರು, ವಿಳಾಸ, ಫೋನ್ ನಂಬರು ಕೇಳುತ್ತಿದೆ. ನಾಳೆ ಪೊರಕೆ ಕೇಳುತ್ತದೆ! ನಾಡಿದ್ದು ಚಪ್ಪಲಿ ಕೇಳುತ್ತದೆ! ಎಡಗಾಲಿನದು ಉಚಿತ, ಬಲಗಾಲಿನದಕ್ಕೆ ತಿಂಗಳ ಚಂದಾ! ನಾನು ಮೈಲಾರಿ, ನೇಕಾರ ಪಕ್ಕೀರಪ್ಪನ ಮಗ, ಒಂದಕ್ಷರವನ್ನೂ ಬಿಡದೆ ಇದನ್ನು ಓದದ ಹೊರತು—”

“ಮೈಲಾರಿ, ಮೂರೂ ಕಾಲಾತು,” ಎಂದನು ದಾದಾಪೀರ್ ಹಣದ ಗಲ್ಲೆಯ ಹಿಂದಿನಿಂದ.

“ಓದೇ ಬಿಡತೀನಿ ಬಿಡು ದಾದಾಪೀರಣ್ಣ, ಎಷ್ಟ್ ಉದ್ದ ಇದ್ದೀತು?”

ಉದ್ದವು ಎಷ್ಟಿತ್ತೆಂದರೆ, ಪುಟವನ್ನು ಮೇಲೆ ಕೆಳಗೆ ಸರಿಸುವ ಪಕ್ಕದ ಜಾರುಪಟ್ಟಿ ಸಾಸಿವೆಕಾಳಿನಷ್ಟಾಗಿ ಕಣ್ಣಿಗೇ ಕಾಣುತ್ತಿರಲಿಲ್ಲ. ಆದರೂ ಅವನು ಬಳಗದ ಪದ್ಧತಿಯಂತೆಯೇ ಓದತೊಡಗಿದನು. ಆ ಪದ್ಧತಿ ಹೀಗೆ: ಒಬ್ಬರು ಒಂದು ಪ್ಯಾರಾ ಗಟ್ಟಿಯಾಗಿ ಓದಬೇಕು, ಕನ್ನಡದಲ್ಲಿ ಬಿಡಿಸಿ ಹೇಳಬೇಕು, ನಿಲ್ಲಬೇಕು, ‘ಇದರಿಂದ ಯಾರಿಗೆ ಲಾಭ?’ ಎಂದು ಕೇಳಬೇಕು. ಉತ್ತರ ಬಾರದೆ ಮುಂದಿನ ಪ್ಯಾರಾಕ್ಕೆ ಹೋಗುವಂತಿಲ್ಲ.

“‘ಇದರೊಳಗಿನ ತಂತ್ರಾಂಶ ನಿಮ್ಮದಲ್ಲ. ಬಳಸುವ ಅನುಮತಿ ಮಾತ್ರ ನಿಮ್ಮದು. ಕಾರಣ ಹೇಳದೆ ಅದನ್ನು ಹಿಂಪಡೆಯಲಾಗುವುದು.’”

“ಅಂದ್ರ ದೇಹ ನಂದು, ಜೀವ ಅವರದು,” ಎಂದಳು ಸಾವಂತ್ರಿ.

“ಯಾರಿಗೆ ಲಾಭ?”

“ಕಂಪನಿಗೆ.”

“‘ನಿಮ್ಮ ಕೈ ಎಲ್ಲಿ ಚಲಿಸಿತು, ಎಲ್ಲಿ ನಿಂತಿತು, ಎಲ್ಲಿ ನಡುಗಿತು ಎಂಬ ಮಾಹಿತಿಯನ್ನು ನಾವು ಸಂಗ್ರಹಿಸಿ ನಮ್ಮ ಪಾಲುದಾರರಿಗೆ ಕೊಡಬಹುದು.’” ಇಲ್ಲಿ ವೀರನ ವೇದಿಕೆಯ ಕನ್ನಡ ಕಳಚಿಬಿತ್ತು. “ನಮ್ಮಪ್ಪ ಮಗ್ಗದ ಮುಂದ ಕೂತು ಜೀವಮಾನ ಕೈ ಆಡಿಸಿದ. ಆ ಕೈ ಆಡಿಸಿದ್ದರ ಲಾಭ ಯಾರ ಮನಿಗೆ ಹೋತು ಅಂತ ಬಳಗದಾಗ ಒಂದು ವರ್ಷ ಓದೀವಿ, ಹೌದಿಲ್ಲೋ ಸಾವಂತ್ರಿ? ಈಗ ನಾ ಬರೇ ಆಟಕ್ಕ ಕೈ ಆಡಿಸಿದ್ರೂ ಅವರs ತಿಂತಾರಲ್ಲೋ! ಯಾರಿಗೆ ಲಾಭ?”

“ಕಂಪನಿಗೆ!” ಎಂದು ಈಗ ಸೆಂಟರಿನಲ್ಲಿ ಆಡುತ್ತಿದ್ದವರೆಲ್ಲ ಕೂಗಿದರು. ಒಬ್ಬನಂತೂ ಕೂಗುವ ಭರದಲ್ಲಿ ತನ್ನ ಕಾರನ್ನು ತೆರೆಯೊಳಗಿನ ಹಳ್ಳಕ್ಕೆ ಬೀಳಿಸಿದನು, ಬಿದ್ದಮೇಲೂ ಕೂಗಿದನು.

ಹೀಗೆ ಪ್ಯಾರಾದ ಮೇಲೆ ಪ್ಯಾರಾ ಉರುಳಿತು. ವ್ಯಾಜ್ಯ ಬಂದರೆ ಸಮುದ್ರದಾಚೆಯ ನ್ಯಾಯಾಲಯಕ್ಕೆ ಬರಬೇಕು. ಕಂಪನಿಗೆ! ಷರತ್ತುಗಳು ಹೇಳದೆ ಬದಲಾಗಬಹುದು. ಕಂಪನಿಗೆ! ಕೆಳಗಿನಿಂದ ಹಿಟ್ಟು ಬೀಸಿಸಲು ಬಂದವರೂ ಮೆಟ್ಟಿಲ ಮೇಲೆ ನಿಂತು, ಏನೆಂದು ತಿಳಿಯದಿದ್ದರೂ, ಕಂಪನಿಗೆ ಎಂದರು. ಮೈಲಾರಿಯ ಎದೆ ಉಬ್ಬಿತು. ಇಷ್ಟು ಜನ ಯಾವ ಗುರುವಾರವೂ ಬಂದಿರಲಿಲ್ಲ.

“‘ಈ ಉಪಕರಣವನ್ನು ಬಾಯಿಗೆ ಹಾಕಿಕೊಳ್ಳಬಾರದು.’ ಯಾರಿಗೆ ಲಾಭ?”

ಕೂಗಲು ತೆರೆದ ಬಾಯಿಗಳು ತೆರೆದಂತೆಯೇ ನಿಂತವು. ಗಿರಣಿಯೂ ಅದೇ ಗಳಿಗೆಗೆ ನಿಂತಿತು.

“ಇದು... ನಮಗs ಅನ್ನಸ್ತೈತಿ,” ಎಂದಿತು ಮೆಟ್ಟಿಲಿನಿಂದ ಒಂದು ದನಿ.

“ಇದನ್ನ ಆಮ್ಯಾಲ ಚರ್ಚೆ ಮಾಡೂಣು,” ಎಂದು ವೀರನು ಮುಂದೆ ಸರಿದನು.

ನಾಲ್ಕಕ್ಕೆ ಇನ್ನೇನು ಸ್ವಲ್ಪವೇ ಹೊತ್ತಿತ್ತು. ದಾದಾಪೀರ್ ಗಲ್ಲೆಯಿಂದ ಎದ್ದು ಬಂದನು. ಅವನ ಕೈಯಲ್ಲಿ ಅವನದೇ ಮೌಸ್ ಇತ್ತು. ಬಿಳಿಯದಾಗಿದ್ದು ಹಳದಿಯಾದದ್ದು, ಬಾಲಕ್ಕೆ ಇನ್ಸುಲೇಷನ್ ಟೇಪು ಸುತ್ತಿದ್ದು.

“ತಗೋ ತಮ್ಮಾ, ಇದಕ್ಕ ಷರತ್ತಿಲ್ಲ. ಇದನ್ನ ಹಾಕ್ಕೊಂಡು ಆಡು. ಅದನ್ನ ನಾಳೆ ಓದೀಯಂತ.”

ಲೋಕವೇ, ಇದೀಗ ನೋಡು! ಮಾರ್ಗವಿತ್ತು. ಹಳದಿಯಾಗಿತ್ತು, ಟೇಪು ಸುತ್ತಿತ್ತು, ಆದರೂ ಮಾರ್ಗವಿತ್ತು. ಆದರೆ ಅಷ್ಟು ಜನ ಕೂಗಿದ ಮೇಲೆ ಯಾವ ಮಹಾಪುರುಷನಿಗೆ ಸಣ್ಣ ಮಾರ್ಗ ರುಚಿಸೀತು? ಮೈಲಾರಿ ಆ ಹಳದಿ ಮೂಷಿಕವನ್ನು ಕಡೆಗಣ್ಣಿನಿಂದ ನೋಡಿ ಅಂದನು: “ಇದು ಇಲಿಯ ಪ್ರಶ್ನೆಯಲ್ಲ, ತತ್ತ್ವದ ಪ್ರಶ್ನೆ!”

“ತತ್ತ್ವ ನಿಂತು ಮಾತಾಡಲಿ. ಕುರ್ಚಿ ಬಿಡು,” ಎಂದನು ಪಂಚಾಕ್ಷರಿ. “ದಾದಾಪೀರಣ್ಣಾ, ನೀನs ಕೂಡು. ಮೂರು ಮಂದಿ ಆದ್ರ ಸಾಕು.”

ಸಾವಂತ್ರಿ ಕಿವಿಗೆ ಹೆಡ್‌ಫೋನು ಏರಿಸಿಕೊಂಡಳು, ಅಷ್ಟೇ. ಅದೇ ಅವನಿಗೆ ಹೆಚ್ಚು ನಾಟಿತು.

ಮೈಲಾರಿ ಸಿಂಹಾಸನದಿಂದಿಳಿದನು. ಕೆಂಪಾಗಿ ಮಿನುಗುವ ಮೂಷಿಕವನ್ನು ಬಾಲಸಮೇತ ಎತ್ತಿಕೊಂಡು, ಮೂಲೆಯಲ್ಲಿದ್ದ, ಒಂದು ಕೈ ಮುರಿದ ಕುರ್ಚಿಯ ಯಂತ್ರಕ್ಕೆ ವನವಾಸ ಹೋದನು. ಪಂದ್ಯ ಶುರುವಾಯಿತು. ಕೂಗಿದ ಜನರೆಲ್ಲ ಸಿಂಹಾಸನದ ಹಿಂದೆ ನೆರೆದರು. ವೀರನು ಮೂಲೆಯಲ್ಲಿ ಒಬ್ಬನೇ ಓದಿದನು, ಒಬ್ಬನೇ ಕೇಳಿದನು, ಒಬ್ಬನೇ “ಕಂಪನಿಗೆ” ಎಂದನು. ಕೆಂಪು ಬೆಳಕು ಅವನ ಮುಖದ ಮೇಲೆ ಬಂದು ಹೋಗಿ ಮಾಡುತ್ತಿತ್ತು. ದೂರದಿಂದ ನೋಡಿದವರಿಗೆ ಅವನು ಸಿಟ್ಟಿಗೆದ್ದು ಶಾಂತನಾಗಿ ಮತ್ತೆ ಸಿಟ್ಟಿಗೇಳುತ್ತಿರುವಂತೆ ಕಾಣುತ್ತಿತ್ತು.

ಕೊನೆಗೂ ಕೊನೆಯ ಪೂರ್ಣವಿರಾಮ ಬಂತು. ಅವನು ಎದ್ದನು. ಬಲಗೈಯನ್ನು ಚಾವಣಿಯತ್ತ ಚಾಚಿದನು. “ಸಮಗ್ರವಾಗಿ ಓದಿದ್ದೇನೆ! ಒಪ್ಪೆನು!” ಎಂದು ಗರ್ಜಿಸಿದನು.

ಸೆಂಟರು ಬಿರಿಯುವಂತೆ ಜನ ಕೇಕೆ ಹಾಕಿದರು. ಶಿಳ್ಳೆಗಳು ಹಾರಿದವು. ಮೈಲಾರಿಯ ಕಣ್ಣುಗಳು ತುಂಬಿ ಬಂದವು. ಎರಡೂ ಕೈ ಮುಗಿದು ಜನಸ್ತೋಮದತ್ತ ತಿರುಗಿದನು. ಜನಸ್ತೋಮದ ಬೆನ್ನು ಕಂಡಿತು. ದಾದಾಪೀರನು ಟೇಪು ಸುತ್ತಿದ ಹಳದಿ ಮೌಸಿನಿಂದ ಹುಬ್ಬಳ್ಳಿಯ ಕೊನೆಯ ವೀರನನ್ನು ಕೆಡವಿದ್ದನು. ಪಂಚಾಕ್ಷರಿ ಅವನನ್ನು ಕುರ್ಚಿಸಮೇತ ಎತ್ತಲು ಹೋದಾಗ ಕುರ್ಚಿಯ ಎಡಗೈ ಮುರಿಯಿತು.

ಮುಗಿದ ಕೈಗಳನ್ನು ಮೈಲಾರಿ ಮೆಲ್ಲಗೆ ಇಳಿಸಿದನು. ಮೊದಲು ನಾಚಿಕೆ ಬಂತು. ಆಮೇಲೆ ಕೋಪ ಬಂತು. ದಾದಾಪೀರನ ಮೇಲಲ್ಲ, ಪಂಚಾಕ್ಷರಿಯ ಮೇಲಲ್ಲ. ಇದೆಲ್ಲಕ್ಕೆ ಮೂಲವಾದ ಆ ಕಂಪನಿಯ ಮೇಲೆ ಪ್ರಳಯಕಾಲದ ಕೋಪ ಬಂತು. ಜಗತ್ತಿಗೆ ತಿಳಿಸಿಬಿಡುತ್ತೇನೆ! ಕೂತನು. ಹುಚ್ಚುಬಾಣದ ತಂಟೆಗೆ ಹೋಗದೆ ಕೀಲಿಮಣೆಯಿಂದಲೇ ಕಂಪನಿಯ ಪುಟ ತೆರೆದನು. ಗ್ರಾಹಕರ ಅಭಿಪ್ರಾಯದ ಜಾಗ ಹುಡುಕಿದನು. ಐದರಲ್ಲಿ ಒಂದೇ ನಕ್ಷತ್ರ ಕೊಟ್ಟನು. ಕಠೋರಾಂಗುಲಿಗಳು ಕೀಲಿಮಣೆಯ ಮೇಲೆ ಆಲಿಕಲ್ಲಿನಂತೆ ಬಿದ್ದವು. ಮಗ್ಗ ಬಂತು, ಅಪ್ಪ ಬಂದ, ಚಪ್ಪಲಿಯ ಚಂದಾ ಬಂತು, ‘ಧಿಕ್ಕಾರ’ ಮೂರು ಸಲ ಬಂತು. ಬೆಟಗೇರಿಯಲ್ಲಿ ಅಂಥ ಗದ್ಯ ಹಿಂದೆ ಹುಟ್ಟಿರಲಿಲ್ಲ. ‘ಕಳುಹಿಸು’ ಎಂಬುದನ್ನು ಒತ್ತಿದನು.

ಪುಟ್ಟ ಕಿಟಕಿಯೊಂದು ತೆರೆದುಕೊಂಡಿತು. ಅಭಿಪ್ರಾಯ ತಿಳಿಸಲು ಖಾತೆ ತೆರೆಯಿರಿ. ಹೆಸರು ಕೊಟ್ಟನು. ಫೋನ್ ನಂಬರು ಕೊಟ್ಟನು. ಕೆಳಗೆ ಚಿಕ್ಕ ಚೌಕ. ‘ಷರತ್ತುಗಳನ್ನೆಲ್ಲ ಓದಿದ್ದೇನೆ, ಒಪ್ಪಿದ್ದೇನೆ.’

ಧಿಕ್ಕಾರ ತಲುಪಬೇಕಿತ್ತು. ಈಗಲೇ ತಲುಪಬೇಕಿತ್ತು. ಕೀಲಿಮಣೆಗೆ ಬಗ್ಗದ ಆ ಚೌಕದತ್ತ ಮೈಲಾರಿ ಬಾಣ ಹೂಡಿದನು. ಬಾಣ ಎಡಗಡೆಯ ಅಂಚಿಗೆ ಹಾರಿತು. ಹಿಂದಕ್ಕೆಳೆದನು, ಬಲಗಡೆಯ ಅಂಚಿಗೆ ಹಾರಿತು. ಉಸಿರು ಬಿಗಿಹಿಡಿದನು, ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದನು, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿದನು. ಎರಡು ವರ್ಷದ ಸಮರಾಭ್ಯಾಸವೆಲ್ಲ ಆ ಒಂದು ಬೆರಳಿನ ತುದಿಗೆ ಬಂದು ನಿಂತಿತು. ಉಗುರಿನ ಅಂಚಿನಷ್ಟು ಸರಿಸಿದನು. ಇನ್ನೊಂದು ಕೂದಲೆಳೆ. ಬಾಣವು ಚೌಕದ ಹೊಟ್ಟೆಯೊಳಗೆ ಒಂದೇ ಒಂದು ಕ್ಷಣ ನಿಂತಿತು.

ಒತ್ತಿದನು!

ಆ ದಿನ ಬೆಟಗೇರಿಯಲ್ಲಿ ಅಷ್ಟು ಕಠಿಣವಾದ ಗುರಿಯನ್ನು ಮತ್ತಾರೂ ಹೊಡೆಯಲಿಲ್ಲ.

ಅವನ ಅಂಗೈಯೊಳಗಿನ ಕೆಂಪು ಆರಿತು. ತಣ್ಣನೆಯ ನೀಲಿ ಹರಡಿತು. ತೆರೆಯ ಮೇಲೆ ಅಕ್ಷರಗಳು ಅರಳಿದವು: ಸುಸ್ವಾಗತ, ಮೈಲಾರಿ.

“ಏ ಮೈಲಾರಿ,” ಬೆನ್ನ ಹಿಂದೆ ಸಾವಂತ್ರಿ ನಿಂತಿದ್ದಳು. ಕೈಯಲ್ಲಿ ಅವನಿಗೆಂದು ತಂದ ಚಹಾ. “ಮೌಸಿನ ಬಣ್ಣ ಬದಲಾತಲ್ಲ? ಒಪ್ಪಿದ್ಯೇನು?”

“ಇಲ್ಲ! ಖಂಡಿಸೀನಿ.”

“ಖಂಡಿಸಿದ್ರ ನೀಲಿ ಆಕ್ಕೈತೇನು?”

ಮೂಷಿಕಪಾಣಿಯು ಕಿಸೆಯಿಂದ ಕರವಸ್ತ್ರ ತೆಗೆದು ಮೂಷಿಕದ ಮೇಲೆ ಹೊದಿಸಿದನು. ಬೆಳಕು ಬಟ್ಟೆಯೊಳಗಿಂದಲೇ ನೀಲಿಯಾಗಿ ಕಂಡಿತು.

“ಗುರುವಾರ ನಾ ಬಳಗದಾಗ ಬಾಯಿ ಬಿಡೂದಿಲ್ಲ ತಗೋ,” ಎಂದಳು ಆಕೆ, ಚಹಾದ ಲೋಟವನ್ನು ಮೇಜಿನ ಮೇಲಿಟ್ಟು. “ಆದ್ರ ಒಂದು ಹೇಳು. ಯಾರಿಗೆ ಲಾಭ?”

ಮೈಲಾರಿ ಕರವಸ್ತ್ರದ ಅಡಿಗೆ ಕೈ ತೂರಿಸಿ ಮೌಸನ್ನು ಒಂದಿಷ್ಟು ಸರಿಸಿ ನೋಡಿದನು. ಬಾಣವು ಹೇಳಿದ ಮಾತು ಕೇಳುತ್ತ, ಮೆಲ್ಲಗೆ, ಅವನ ಕೈಯ ಜೊತೆಗೇ ನಡೆಯಿತು.

“ಸ್ಪೀಡ್ ಮಾತ್ರ ಭಾಳ ಚಲೋ ಆಗೇತಿ,” ಎಂದನು.