ನೂರು ಸಲ ನೋಡಿದ ಕುರುಡುಮಲೆ

ನೋಡದೇ ಇರುವುದನ್ನು ನೋಡಿದ್ದೇನೆ ಎನ್ನುವುದು ಸುಳ್ಳುಗಳ ಪೈಕಿ ತೀರ ಸಾಧುವಾದದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ಅದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ನನಗೆ ಹಂಪೆ, ಬೇಲೂರು, ಅಜಂತಾ ಎಲ್ಲವೂ ಆರಾಮಕುರ್ಚಿಯಲ್ಲೇ ಸಿಗುತ್ತಿದ್ದವು. ಊಟ ಮುಗಿಸಿ, ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು ಕಣ್ಣು ಮುಚ್ಚಿದರೆ ಸಾಕು, ಕಂಬಗಳು ತಾವಾಗಿ ಎದ್ದು ನಿಲ್ಲುತ್ತಿದ್ದವು. ಬಿಸಿಲಿಲ್ಲ, ಬಸ್ಸಿನ ನೂಕುನುಗ್ಗಲಿಲ್ಲ, ಚಪ್ಪಲಿ ಕಳೆಯುವ ಭಯವಿಲ್ಲ. ಹೀಗಿರುವಾಗ, ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ನಾಗರತ್ನ, "ರೀ, ಕುರುಡುಮಲೆ ಗಣಪನ್ನ ನೋಡ್ಕೊಂಡ್ ಬರೋಣ, ಇಲ್ಲೇ ಅಲ್ವಾ?" ಎಂದಳು. "ನಾನು ನೂರು ಸಲ ನೋಡಿದ್ದೀನಿ ಕಣೇ. ಮುಂದಿನ ವಾರ ಹೋದ್ರಾಯ್ತು" ಎಂದುಬಿಟ್ಟೆ. ಅವಳು ಕೇಳುತ್ತಲೇ ಇದ್ದಳು, ಆ ಮುಂದಿನ ವಾರ ಮಾತ್ರ ಹನ್ನೊಂದು ವರ್ಷವಾದರೂ ಬರಲಿಲ್ಲ.

ಬಂದದ್ದು ಗಾಲ್ಫ್ ಆಟ! ಎಂಬತ್ತರ ದಶಕದ ಮೊದಲಲ್ಲಿ, ಚಿನ್ನದ ಗಣಿಯ ಕಡೆ ಬ್ರಿಟಿಷರು ಬಿಟ್ಟುಹೋದ ಮೈದಾನದಲ್ಲಿ ಹೆಂಗಸರ ಗಾಲ್ಫ್ ಪಂದ್ಯ ನಡೆಯುತ್ತಿತ್ತು. ಆಡುವವರೆಲ್ಲ ಅದನ್ನೇ ಕಸುಬು ಮಾಡಿಕೊಂಡವರು. ಎರಡು ಮೂರು ವರ್ಷ ನಡೆದು ನಿಂತುಹೋಯಿತು. ಈಗ ಹೇಳಿದರೆ ಮೊಮ್ಮಕ್ಕಳೂ ನಂಬುವುದಿಲ್ಲ. ಆಟಗಾರ್ತಿಯರಿಗೆ ಬಿಡುವಿನ ದಿನ ಸುತ್ತಮುತ್ತಲ ಗುಡಿಗಳನ್ನು, ಮೊದಲಿಗೆ ಕುರುಡುಮಲೆಯನ್ನು, ತೋರಿಸಲು ತಿಳಿದವರು ಬೇಕಂತೆ. "ನಿಮ್ಮ ಹೆಸರು ಕೊಟ್ಟಿದ್ದೀನಿ ಮೇಷ್ಟ್ರೇ. ಸ್ಕೂಲಿನ ಮಾನ ನಿಮ್ಮ ಕೈಲಿದೆ" ಎಂದರು ಹೆಡ್ಮಾಸ್ಟರು. ಮನೆಗೆ ಬಂದು ಹೇಳಿದರೆ ನಾಗರತ್ನ, "ಹಂಗಾದ್ರೆ ನಾನೂ ಬರ್ತೀನಿ" ಎಂದಳು. ಊರವರ ಮುಂದೆ ಸಿಕ್ಕಿಬಿದ್ದರೆ ಮಾನವಷ್ಟೇ ಹೋಗುತ್ತದೆ. ಹೆಂಡತಿಯ ಮುಂದೆ ಸಿಕ್ಕಿಬಿದ್ದರೆ ಹನ್ನೊಂದು ವರ್ಷವೇ ಹೋಗುತ್ತದಲ್ಲ!

ಕುರುಡುಮಲೆಗೆ ಹೊರಡುವ ಹಿಂದಿನ ದಿನ ಇಬ್ಬರೂ ಆಟ ನೋಡಲು ಹೋದೆವು. ಮಾಗಿಯ ಎಳೆ ಬಿಸಿಲು, ದೂರದಲ್ಲಿ ಗಣಿಯ ಬೂದು ಮಣ್ಣಿನ ದಿಬ್ಬಗಳು. ಹೈದರಾಬಾದಿನ ಲಲಿತಾ ಎಂಬಾಕೆ ಕೋಲು ಬೀಸಿದರೆ ಚೆಂಡು ಮೇಲೇರಿ ಆಕಾಶದಲ್ಲಿ ಕರಗುತ್ತಿತ್ತು. ಆಮೇಲೆ ಆಕೆ ಅವಸರವಿಲ್ಲದೆ ಅದರ ಹಿಂದೆ ನಡೆಯುತ್ತಿದ್ದಳು. ತಲೆಯ ಮೇಲೆ ಸೌದೆಯಿಲ್ಲ, ಸೊಂಟದಲ್ಲಿ ಕೊಡವಿಲ್ಲ, ಸುಮ್ಮನೆ ಒಬ್ಬ ಹೆಂಗಸು ಹುಲ್ಲಿನ ಮೇಲೆ ನಡೆದು ಹೋಗುತ್ತಿದ್ದಳು. ನಾಗರತ್ನ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. "ಎಷ್ಟ್ ದೂರ ಹೊಡೆದ್ರೂ ತಾವೇ ನಡ್ಕೊಂಡ್ ಹೋಗ್ಬೇಕಾ?" ಎಂದಳು. ಹೌದೆಂದೆ. "ಒಳ್ಳೇ ಆಟ" ಎಂದಳು. ಆ ಮಧ್ಯಾಹ್ನ ಹಾಗೆಯೇ ನಿಂತುಬಿಡಲಿ ಎನಿಸಿತು. ಅಷ್ಟು ಚೆಂದವಾಗಿತ್ತು, ಜೊತೆಗೆ ನಾಳೆ ಕುರುಡುಮಲೆ ಇತ್ತು.

ಬೆಳಿಗ್ಗೆ ಲಲಿತಾ ಸೇರಿ ನಾಲ್ವರು ಆಟಗಾರ್ತಿಯರೊಂದಿಗೆ ನಮ್ಮ ಜೀಪು ಕುರುಡುಮಲೆ ಸೇರಿತು. ಮಂಜು ಇನ್ನೂ ಕರಗಿರಲಿಲ್ಲ, ಕಲ್ಲುಗುಂಡುಗಳೆಲ್ಲ ನಿದ್ದೆಯಲ್ಲಿದ್ದಂತಿದ್ದವು. ಎದುರಿಗೆ ಕಂಡ ಗುಡಿಯ ಬಾಗಿಲಲ್ಲೇ ನಿಂತು ನಾನು ಹದಿಮೂರು ಅಡಿ ಎತ್ತರದ ಏಕಶಿಲಾ ಗಣಪತಿಯ ಮೇಲೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಭಾಷಣ ಬಿಗಿದೆ. ಒಳಗೆ ಹೋದರೆ, ಶಿವಲಿಂಗ! ಅದು ಸೋಮೇಶ್ವರನ ಗುಡಿ. ಆಟಗಾರ್ತಿಯರು ಲಿಂಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಗ ನಾಗರತ್ನ ಸೆರಗು ಹೊದ್ದು ಮುಂದೆ ಬಂದು ಲಲಿತಾಗೆ ತೆಲುಗಿನಲ್ಲಿ ಹೇಳಿದಳು: ಮೊದಲು ಅಪ್ಪನಿಗೆ ಕೈಮುಗಿದು, ಮಗನ ವಿಷಯ ಅಪ್ಪನ ಎದುರೇ ಹೇಳಿ, ಆಮೇಲೆ ಮಗನ ಹತ್ತಿರ ಹೋಗುವುದು ನಮ್ಮ ಯಜಮಾನರ ಪದ್ಧತಿ. ಲಲಿತಾ ಅದನ್ನು ಮಿಕ್ಕವರಿಗೆ ಹೇಳಿದಳು. ಎಲ್ಲರೂ ಭಕ್ತಿಯಿಂದ ನನ್ನ ಕಡೆ ತಲೆಯಾಡಿಸಿದರು. ಅಲ್ಲಿಂದ ಮುಂದೆ ನಾಗರತ್ನಳೇ ನಡೆದಳು, ನಾವೆಲ್ಲ ಹಿಂಬಾಲಿಸಿದೆವು.

ಗಣಪನ ಗುಡಿಯಲ್ಲಿ ಅರ್ಚಕರು ಅವಳನ್ನು ಕಂಡು, "ಬಾಮ್ಮ, ಮೇಷ್ಟ್ರನ್ನ ಕೊನೆಗೂ ಕರ್ಕೊಂಡ್ ಬಂದ್ಯಾ?" ಎಂದರು. ನಾನು ತಲೆಯೆತ್ತಿ ನೋಡಿದೆ. ಹದಿಮೂರು ಅಡಿ ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದಿದ್ದೆ. ಹದಿಮೂರು ಅಡಿ ಎಂದರೆ ಕತ್ತು ಇಷ್ಟು ಎತ್ತಬೇಕು ಎಂದು ಗೊತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಆ ಕರಿಕಲ್ಲಿನ ಹೊಟ್ಟೆ ಉಸಿರಾಡುತ್ತಿದೆಯೇನೋ ಎನಿಸಿತು. ನಿಜವಾಗಿ ಹೇಳುತ್ತೇನೆ, ನನಗೆ ಅಳು ಬಂತು.

ಜೀಪಿನ ಹಿಂದಿನ ಸೀಟಿನಲ್ಲಿ ಮೆಲ್ಲಗೆ, "ನಾಗೂ, ನಾನು ಈ ಗುಡೀನ ಒಂದ್ಸಲಾನೂ ನೋಡಿರ್ಲಿಲ್ಲ" ಎಂದೆ.

"ಗೊತ್ತು. ಮದುವೆಯಾದ ತಿಂಗಳೇ ಗೊತ್ತಾಯ್ತು. ಕೂತಿರೋ ಗಣಪನ್ನ ನಿಂತಿದ್ದಾನೆ ಅಂದಿದ್ರಿ."

"ಮತ್ತೆ ಹೋಗೋಣ ಹೋಗೋಣ ಅಂತ ಕೇಳ್ತಾನೇ ಇದ್ದೆಯಲ್ಲ? ನೀನೂ ನೋಡಿಲ್ಲ ಅಂದ್ಕೊಂಡಿದ್ದೆ."

"ನಾನಾ? ಚಿಕ್ಕೋಳಿದ್ದಾಗಿಂದ ನೋಡ್ತಿದ್ದೀನಿ. ನಮ್ಮ ತವರಿನೋರು ಏನು ಶುರು ಮಾಡಿದ್ರೂ ಮೊದ್ಲು ಇಲ್ಲಿಗೆ ಬಂದು ಕೈಮುಗೀತಾರೆ. ಸಂಸಾರ ಶುರು ಮಾಡೋಕ್ ಮುಂಚೆ ನಿಮ್ಮ ಜೊತೆ ಒಂದ್ಸಲ ಬರ್ಬೇಕು ಅಂತಿತ್ತು, ಅಷ್ಟೇ."

ಎರಡು ಮಕ್ಕಳಾದ ಮೇಲೆ, ಬೆಳಿಗ್ಗೆ ಹತ್ತೂವರೆಗೆ ಸಂಸಾರ ಶುರು ಮಾಡಿದ ಗಂಡಸು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.